ಪೋಷಕರ ಹೊತ್ತು, ಶಿಕ್ಷಕರ ದಣಿವು

ಪ್ರಾಥಮಿಕ ಶಾಲೆಯ ಶಿಕ್ಷಕರು ತಮ್ಮ ವೃತ್ತಿಯಲ್ಲಿ ದಣಿದು ಬರಿದಾಗುವುದಕ್ಕೂ, ಅವರಿಗೂ ಮಕ್ಕಳ ತಂದೆತಾಯಿಯರಿಗೂ ನಡುವೆ ಇರುವ ಸಂಬಂಧಕ್ಕೂ ಯಾವ ನಂಟಿದೆ ಎಂಬುದು ಇಂದಿನ ಭಾಷಣದ ವಿಷಯ. ಇದನ್ನು ಪರಿಶೀಲಿಸಲು ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳನ್ನು ಆರಿಸಿಕೊಳ್ಳಲಾಗಿದೆ. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲು ಅದರ ಒಂದು ಭಾಗ ಕೊಯಮತ್ತೂರಿಗೂ ಇನ್ನೊಂದು ಭಾಗ ಈರೋಡಿಗೂ ಸೇರಿತ್ತು. ನೂಲಿನ ಗಿರಣಿ, ಬನಿಯನ್ ಕಾರ್ಖಾನೆ, ವಿದ್ಯುತ್ ಮಗ್ಗ, ಕೈಮಗ್ಗ, ತೆಂಗಿನ ತೋಟ, ಚಹಾ ತೋಟ ಇವೆಲ್ಲ ಒಂದು ದಿನದ ಪ್ರಯಾಣದೊಳಗೆ ಸಿಗುವ ಈ ನಾಡಿನಲ್ಲಿ ತಂದೆತಾಯಿಯರ ದುಡಿಮೆಗೆ ಹಲವು ಬಗೆಯ ವೇಳಾಪಟ್ಟಿಗಳಿವೆ; ಶಾಲೆಗೆ ಮಾತ್ರ ಒಂದೇ ವೇಳಾಪಟ್ಟಿ. ಇವು ಎಲ್ಲಿಯೂ ಕೂಡಿಬರದಿರುವುದೇ ಶಿಕ್ಷಕರ ದಣಿವಿಗೆ ಒಂದು ಮುಖ್ಯ ಕಾರಣ ಎಂಬುದು ಈ ಭಾಷಣದ ವಾದ.

ದಣಿವು ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ದಿನದ ಕೆಲಸದಿಂದ ಬರುವ ಆಯಾಸ ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ. ಇಲ್ಲಿ ಹೇಳುತ್ತಿರುವ ದಣಿವು ಬೇಸಿಗೆ ರಜೆ ಕಳೆದು ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದಾಗಲೂ ಹಾಗೆಯೇ ಉಳಿದಿರುತ್ತದೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ಬಂದ ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಕುಂದಿಹೋಗುವುದನ್ನು ಕಂಡು, 1974ರಲ್ಲಿ ಅದನ್ನು ಬರ್ನ್‌ಔಟ್ ಎಂಬ ಹೆಸರಿನಿಂದ ವಿವರಿಸಿದರು. ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಅದಕ್ಕೆ ಒಂದು ಅಳತೆಗೋಲನ್ನು ರೂಪಿಸಿದರು. ಆ ಅಳತೆಗೋಲಿನ ಪ್ರಕಾರ ಇದಕ್ಕೆ ಮೂರು ಮುಖಗಳಿವೆ: ಭಾವದ ಶಕ್ತಿ ಬತ್ತಿಹೋಗುವುದು ಮೊದಲನೆಯದು, ಯಾರಿಗಾಗಿ ಕೆಲಸ ಮಾಡಬೇಕೋ ಅವರನ್ನೇ ಮನುಷ್ಯರಂತೆ ಕಾಣದೆ ದೂರ ಇಡುವ ವಿಮುಖತೆ ಎರಡನೆಯದು, ಎಷ್ಟು ಮಾಡಿದರೂ ಏನೂ ಸಾಧಿಸಲಿಲ್ಲವೆಂಬ ಭಾವನೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ವರ್ಗೀಕರಣದಲ್ಲಿ ಸೇರಿಸಿದಾಗ, ಇದು ರೋಗವಲ್ಲ, ಕೆಲಸದ ಸ್ಥಳದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ಹೇಳಿತು. ಹಾಗೆಂದರೆ ಅದರ ಮೂಲವನ್ನು ಶಿಕ್ಷಕರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಅವರ ಕೆಲಸದ ಏರ್ಪಾಟಿನಲ್ಲಿ ಹುಡುಕುವುದೇ ಸರಿ.

ದಣಿವಿಗೆ ಮೂರು ಮುಖಗಳಿವೆ, ಅದರ ಮೂಲ ಕೆಲಸದ ಏರ್ಪಾಟಿನಲ್ಲಿದೆ ಎಂಬುದು ಇಷ್ಟರಿಂದ ತಿಳಿಯಿತು. ಇದರಲ್ಲಿ ತಂದೆತಾಯಿಯರ ಪಾಲು ಎಲ್ಲಿ ಬರುತ್ತದೆ? ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಕಿಯರನ್ನು ಕುರಿತು ಬರೆಯುತ್ತ ಭಾವದುಡಿಮೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಒಳಗೆ ಏನೇ ಇದ್ದರೂ ಕೆಲಸಕ್ಕೆ ತಕ್ಕ ಮುಖಭಾವವನ್ನೂ ದನಿಯನ್ನೂ ತಂದುಕೊಳ್ಳುವ ಶ್ರಮವೇ ಭಾವದುಡಿಮೆ. ಪ್ರಾಥಮಿಕ ಶಾಲೆಯ ಶಿಕ್ಷಕರು ದಿನವಿಡೀ ಮಾಡುವುದು ಇದನ್ನೇ. ಮಕ್ಕಳೊಡನೆ ಮಾಡುವ ಭಾವದುಡಿಮೆಗೆ ಪ್ರತಿಫಲ ಬೇಗ ಸಿಗುತ್ತದೆ. ಒಂದು ಅಕ್ಷರ ತಿದ್ದಿದ ಮಗು ಅಲ್ಲೇ ನಗುತ್ತದೆ. ಪೋಷಕರೊಡನೆ ಮಾಡುವ ಭಾವದುಡಿಮೆಗೆ ಆ ಪ್ರತಿಫಲವಿಲ್ಲ. ಪೋಷಕರ ಕಣ್ಣಿಗೆ ಕಾಣುವುದು ತಮ್ಮ ಒಂದು ಮಗು. ಶಿಕ್ಷಕರ ಕಣ್ಣಿಗೆ ಕಾಣಬೇಕಾದದ್ದು ಇಡೀ ತರಗತಿ. ಇಬ್ಬರಿಗೂ ಆ ಮಗುವಿನ ಹಿತವೇ ಬೇಕು, ಆದರೆ ಇಬ್ಬರೂ ಅದನ್ನು ಬೇರೆ ಬೇರೆ ದೂರದಿಂದ ನೋಡುತ್ತಾರೆ. ಇದನ್ನು ಗಮನಿಸಿದ ಅಮೆರಿಕದ ವಿಲರ್ಡ್ ವಾಲರ್ ಎಂಬ ಸಮಾಜಶಾಸ್ತ್ರಜ್ಞ 1932ರಲ್ಲೇ ಪೋಷಕರು ಮತ್ತು ಶಿಕ್ಷಕರು ಸಹಜವಾಗಿಯೇ ಎದುರಾಳಿಗಳೆಂಬ ಕಠಿಣ ತೀರ್ಮಾನಕ್ಕೆ ಬಂದರು. ಆ ತೀರ್ಮಾನವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೂ ಈ ಸಂಬಂಧ ತಾನಾಗಿಯೇ ಸರಿಹೋಗುವಂಥದ್ದಲ್ಲ, ಅದಕ್ಕೆ ಹೊತ್ತು ಬೇಕು, ಜಾಗ ಬೇಕು, ಏರ್ಪಾಟು ಬೇಕು ಎಂಬ ಎಚ್ಚರಿಕೆ ಅದರಲ್ಲಿದೆ.

ಈಗ ತಿರುಪ್ಪೂರಿನ ಕಡೆಗೆ. ಭಾರತದಿಂದ ಹೊರದೇಶಗಳಿಗೆ ಹೋಗುವ ಹೆಣಿಗೆಯ ಹತ್ತಿಯ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಊರಿನಿಂದ ಹೋಗುತ್ತದೆ. ಕತ್ತರಿಸುವವರು, ಹೊಲಿಯುವವರು, ಇಸ್ತ್ರಿ ಹಾಕುವವರು, ತಪಾಸಣೆ ಮಾಡುವವರು, ದರ್ಜಿಯ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿಕೊಡುವ, ಅಲ್ಲಿನವರು ಕೈಮಡಿ ಎಂದು ಕರೆಯುವ ಸಹಾಯಕರು, ಹೀಗೆ ಲಕ್ಷಾಂತರ ಜನ ಅಲ್ಲಿ ದುಡಿಯುತ್ತಾರೆ. ಕೆಲಸ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಶುರು. ಒಂದು ಶಿಫ್ಟ್ ಎಂದರೆ ಸಂಜೆ ಐದೂವರೆಯವರೆಗೆ. ಸರಕು ಕಳಿಸುವ ಗಡುವು ಹತ್ತಿರವಾದರೆ ಒಂದೂವರೆ ಶಿಫ್ಟ್. ಆಗ ಮನೆ ಸೇರುವುದು ರಾತ್ರಿ ಎಂಟೂವರೆಯ ಮೇಲೆ. ದರ್ಜಿಗಳಲ್ಲಿ ಹಲವರಿಗೆ ಕೂಲಿ ತುಂಡಿನ ಲೆಕ್ಕದಲ್ಲಿ, ಬಟವಾಡೆ ಶನಿವಾರ. ಶಾಲೆ ಒಂಬತ್ತರ ಮೇಲೆ ಶುರುವಾಗಿ ನಾಲ್ಕರ ಸುಮಾರಿಗೆ ಮುಗಿಯುತ್ತದೆ. ತಾಯಿ ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಶಾಲೆ ತೆರೆಯುತ್ತದೆ, ತಾಯಿ ಹೊರಗೆ ಬರುವುದಕ್ಕೆ ಮೊದಲೇ ಮುಚ್ಚುತ್ತದೆ. ಪೋಷಕರ ಸಭೆಗೆ ಬರುವುದೆಂದರೆ ಅರ್ಧ ದಿನದ ಕೂಲಿ ಬಿಡುವುದು ಎಂದರ್ಥ. ಕೆಲವೊಮ್ಮೆ ಅರ್ಧ ದಿನವಲ್ಲ, ಆ ದಿನವೇ ಹೋಗುತ್ತದೆ, ಯಾಕೆಂದರೆ ಹೊಲಿಗೆಯ ಸಾಲಿನಲ್ಲಿ ಒಬ್ಬರ ಜಾಗ ಖಾಲಿಯಾದರೆ ಇನ್ನೊಬ್ಬರನ್ನು ಕೂರಿಸುವುದು ಅನಿವಾರ್ಯ.

ಇದರ ಪರಿಣಾಮ ಶಿಕ್ಷಕರ ಮೇಲೆ ಹೇಗಾಗುತ್ತದೆ ಎಂಬುದನ್ನು ಕೇಳುಗರು ಕಲ್ಪಿಸಿಕೊಳ್ಳಬಹುದು. ಮೂರನೆಯ ತರಗತಿಯ ಮಗುವೊಂದು ಹತ್ತು ದಿನದಿಂದ ಮಂಕಾಗಿ ಕೂತಿದೆ. ಶಿಕ್ಷಕಿ ಹಗಲು ಫೋನ್ ಮಾಡಿದರೆ ತಾಯಿ ಎತ್ತುವುದಿಲ್ಲ. ಯಂತ್ರದ ಮುಂದೆ ಕೂತವರಿಗೆ ಫೋನ್ ಹಿಡಿಯಲು ಬಿಡುವಿಲ್ಲ. ತಾಯಿ ಮರಳಿ ಕರೆ ಮಾಡುವುದು ರಾತ್ರಿ ಒಂಬತ್ತರ ಮೇಲೆ. ಆ ಹೊತ್ತಿಗೆ ಶಿಕ್ಷಕಿಯ ಮನೆಯಲ್ಲೂ ಅಡುಗೆ ಇರುತ್ತದೆ, ಮಕ್ಕಳಿರುತ್ತಾರೆ, ಮರುದಿನದ ಪಾಠದ ಸಿದ್ಧತೆ ಇರುತ್ತದೆ. ಎತ್ತಿದರೆ ಅವರ ದಿನ ಮುಗಿಯುವುದೇ ಇಲ್ಲ. ಎತ್ತದಿದ್ದರೆ ಮಗುವಿನ ವಿಷಯ ಹಾಗೆಯೇ ಉಳಿದು ಮನಸ್ಸಿಗೆ ಭಾರವಾಗುತ್ತದೆ. ದಣಿದ ತಾಯಿಯೂ ದಣಿದ ಶಿಕ್ಷಕಿಯೂ ಅವಸರದಲ್ಲಿ ಆಡುವ ಆ ಐದು ನಿಮಿಷದ ಮಾತಿನಲ್ಲಿ ದೂರು ಮೊದಲು ಬರುತ್ತದೆ, ಮಗುವಿನ ಕುರಿತ ಒಳ್ಳೆಯ ಸುದ್ದಿಗೆ ಸರದಿಯೇ ಬರುವುದಿಲ್ಲ.

ವರ್ಷದ ಮಧ್ಯೆ ಮನೆ ಬದಲಾಗುವುದು ಇನ್ನೊಂದು ಸಂಗತಿ. ಬನಿಯನ್ ಕೆಲಸಕ್ಕೆ ಬಂದ ಕುಟುಂಬಗಳು ಸಾಮಾನ್ಯವಾಗಿ ಲೈನ್ ವೀಡು ಎಂದು ಕರೆಯುವ ಸಾಲುಮನೆಗಳಲ್ಲಿ ಬಾಡಿಗೆಗಿರುತ್ತವೆ. ಹೊಸ ಕಂಪನಿ, ಹೊಸ ಬಡಾವಣೆ, ಮತ್ತೊಂದು ಶಾಲೆ. ದೀಪಾವಳಿಗೂ ಪೊಂಗಲ್‌ಗೂ ತಿರುಪ್ಪೂರು ಬರಿದಾಗಿ ದಕ್ಷಿಣದ ಜಿಲ್ಲೆಗಳ ಬಸ್ಸುಗಳು ತುಂಬುತ್ತವೆ. ಬಿಹಾರ, ಒಡಿಶಾ, ಜಾರ್ಖಂಡ್, ಪಶ್ಚಿಮ ಬಂಗಾಳಗಳ ಕುಟುಂಬಗಳು ಊರಿಗೆ ಹೋದರೆ ವಾರಗಟ್ಟಲೆ ಮರಳುವುದಿಲ್ಲ. ಪೇಟೆಯ ಏರಿಳಿತವೂ ತರಗತಿಯ ಹಾಜರಿಯಲ್ಲಿ ಕಾಣುತ್ತದೆ. ಕೂಲಿದರದ ಸಲುವಾಗಿ ಪಲ್ಲಡಂ, ಸೋಮನೂರು ಕಡೆಯ ವಿದ್ಯುತ್ ಮಗ್ಗಗಳು 2022ರಲ್ಲಿ ವಾರಗಟ್ಟಲೆ ನಿಂತಿದ್ದವು. ಅಮೆರಿಕ 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ತಿರುಪ್ಪೂರಿನ ರಫ್ತಿಗೆ ದೊಡ್ಡ ಪೆಟ್ಟು ಬಿತ್ತು. ಇಂಥ ಕಾಲದಲ್ಲಿ ಕೆಲಸ ಹುಡುಕಿ ಹೊರಡುವ ಕುಟುಂಬದ ಜೊತೆ ಮಗುವೂ ಹೊರಡುತ್ತದೆ. ಆರು ತಿಂಗಳು ಶ್ರಮಪಟ್ಟು ಓದಲು ಕಲಿಸಿದ ಮಗು ಒಂದು ಸೋಮವಾರ ಬರುವುದಿಲ್ಲ. ಎಲ್ಲಿಗೆ ಹೋಯಿತೆಂದು ಹೇಳುವವರೂ ಇರುವುದಿಲ್ಲ. ದಣಿವಿನ ಮೂರನೆಯ ಮುಖ, ಎಂದರೆ ಏನೂ ಸಾಧಿಸಲಿಲ್ಲವೆಂಬ ಭಾವನೆ, ಇಂಥ ಸೋಮವಾರಗಳಿಂದಲೇ ಬೆಳೆಯುತ್ತದೆ.

ಇಲ್ಲಿಯವರೆಗೆ ಹೇಳಿದ್ದರ ಸಾರ ಇದು: ಕಾರ್ಖಾನೆಯ ಹೊತ್ತು ಪೋಷಕರನ್ನು ಶಾಲೆಯಿಂದ ದೂರ ಇಡುತ್ತದೆ, ಆ ದೂರ ಶಿಕ್ಷಕರ ಬೆನ್ನಿಗೆ ಬೀಳುತ್ತದೆ. ಇನ್ನು ಮುಂದಿನ ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಪೋಷಕರು ಬಾರದಿದ್ದಾಗ ಶಿಕ್ಷಕರು ಅದಕ್ಕೊಂದು ಅರ್ಥ ಕಟ್ಟಿಕೊಳ್ಳುತ್ತಾರೆ. ಈ ಪೋಷಕರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಮೆಲ್ಲನೆ ರೂಢಿಯಾಗುತ್ತದೆ. ಕೇಳುಗರು ಈ ಮಾತನ್ನು ಕರ್ನಾಟಕದ ಶಾಲೆಗಳಲ್ಲೂ ಕೇಳಿರಬಹುದು. ಇದು ಶಿಕ್ಷಕರ ಕೆಟ್ಟತನವಲ್ಲ. ಬತ್ತುತ್ತಿರುವ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಕಂಡುಕೊಂಡ ದಾರಿ ಅದು, ಏಕೆಂದರೆ ತಪ್ಪು ಪೋಷಕರದ್ದೆಂದು ಆದ ಮೇಲೆ ಶಿಕ್ಷಕರು ನೊಂದುಕೊಳ್ಳಬೇಕಾಗಿಲ್ಲ. ಆದರೆ ಮಾಸ್ಲಾಕ್ ಹೇಳಿದ ಎರಡನೆಯ ಮುಖ, ವಿಮುಖತೆ, ಇದೇ ಮಾತಿನ ವೇಷದಲ್ಲಿ ಬರುತ್ತದೆ. ಒಮ್ಮೆ ಪೋಷಕರ ಮೇಲಿನ ಈ ತೀರ್ಪು ಗಟ್ಟಿಯಾದರೆ ಶಿಕ್ಷಕರು ಅವರನ್ನು ಕರೆಯುವುದನ್ನೇ ನಿಲ್ಲಿಸುತ್ತಾರೆ; ಕರೆಯದ ಕಾರಣ ಅವರು ಬರುವುದೇ ಇಲ್ಲ; ಬಾರದ ಕಾರಣ ತೀರ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅತ್ತ ಓಡುವ ಯಂತ್ರದ ಮುಂದೆ ಕೂತ ತಾಯಿಗೆ ಮಗುವಿನ ಓದಿನ ಚಿಂತೆ ಇದ್ದೇ ಇದೆ. ಅವಳು ಊರು ಬಿಟ್ಟು ಬಂದದ್ದೇ ಆ ಚಿಂತೆಯಿಂದಿರಬಹುದು. ಆ ಚಿಂತೆ ಶಾಲೆಯವರೆಗೆ ತಲುಪುವ ದಾರಿ ಮಾತ್ರ ಇಲ್ಲ. ದಾರಿ ಇಲ್ಲದಿರುವುದನ್ನು ಆಸಕ್ತಿ ಇಲ್ಲದಿರುವುದೆಂದು ಭಾವಿಸುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ.

ಭಾಷೆಯ ಪ್ರಶ್ನೆಯೂ ಇದೇ ಬಗೆಯದು. ತಮಿಳು ಬಾರದ ಪೋಷಕರೊಡನೆ ಶಿಕ್ಷಕರು ಮಾತಾಡಬೇಕಾದಾಗ ಹಲವು ಶಾಲೆಗಳಲ್ಲಿ ಮಗುವೇ ದುಭಾಷಿಯಾಗುತ್ತದೆ. ಎಂಟು ವರ್ಷದ ಹುಡುಗಿ ತನ್ನ ಮೇಲಿನ ದೂರನ್ನೇ ತಮಿಳಿನಿಂದ ಹಿಂದಿಗೋ ಒಡಿಯಾಕ್ಕೋ ತಿರುಗಿಸಿ ಹೇಳಬೇಕು. ಅವಳು ಎಷ್ಟು ಹೇಳಿದಳು, ಎಷ್ಟು ಬಿಟ್ಟಳು ಎಂಬುದು ಶಿಕ್ಷಕರಿಗೆ ತಿಳಿಯದು. ಆದರೆ ಭಾಷೆ ಬೇರೆಯಾಗಿದ್ದ ಮಾತ್ರಕ್ಕೆ ಈ ಕಷ್ಟ ಬರುತ್ತದೆ ಎನ್ನುವಂತಿಲ್ಲ. ಮೇಟ್ಟುಪಾಳಯದ ಹತ್ತಿರದ ಸಿರುಮುಗೈಯಲ್ಲಿ ರೇಷ್ಮೆ ನೇಯುವ ದೇವಾಂಗರ ಮನೆಮಾತು ಕನ್ನಡ. ಎರಡೂ ಜಿಲ್ಲೆಗಳ ಹಳ್ಳಿಗಳಲ್ಲಿ ಕನ್ನಡ, ತೆಲುಗು ಮನೆಮಾತಾಗಿರುವ ಬೇಸಾಯಗಾರ ಸಮುದಾಯಗಳೂ ಹಲವು ಇವೆ. ಆ ಮನೆಗಳ ಮಕ್ಕಳು ತಲೆಮಾರುಗಳಿಂದ ತಮಿಳು ಶಾಲೆಗಳಲ್ಲಿ ಓದಿದ್ದಾರೆ, ಅಲ್ಲಿ ಮನೆ ಮತ್ತು ಶಾಲೆಯ ನಡುವೆ ಮಾತು ನಿಂತಿಲ್ಲ. ಕಾರಣ ಸರಳ. ಆ ಮನೆಗಳಲ್ಲಿ ಎರಡೂ ಭಾಷೆ ಬಲ್ಲ ಅಜ್ಜಿ ಇರುತ್ತಾಳೆ, ಓಣಿಯಲ್ಲಿ ಅದೇ ಶಾಲೆಯಲ್ಲಿ ಓದಿದ ಚಿಕ್ಕಪ್ಪ ಇರುತ್ತಾನೆ, ಕೈಮಗ್ಗ ಮನೆಯೊಳಗೇ ಇರುವುದರಿಂದ ಹಗಲು ಹೊತ್ತಿನಲ್ಲಿ ಯಾರಾದರೂ ಸಿಗುತ್ತಾರೆ. ನಡುವೆ ನಿಲ್ಲುವ ವಯಸ್ಕರು ಇರುವಲ್ಲಿ ಶಿಕ್ಷಕರ ಭಾರ ಹಗುರವಾಗುತ್ತದೆ. ತಿರುಪ್ಪೂರಿನ ಸಾಲುಮನೆಯಲ್ಲಿ ಇಲ್ಲದಿರುವುದು ಆ ನಡುವಿನವರು.

ಪೋಷಕರು ಸಿಗದಿರುವುದರಿಂದ ಬರುವ ದಣಿವಿನ ಮಾತು ಇಷ್ಟಾಯಿತು. ಪೋಷಕರು ಅತಿಯಾಗಿ ಸಿಗುವುದರಿಂದ ಬರುವ ದಣಿವು ಇನ್ನೊಂದು ಇದೆ. ಕೊಯಮತ್ತೂರು ನಗರದ ಖಾಸಗಿ ಮೆಟ್ರಿಕ್ಯುಲೇಷನ್ ಮತ್ತು ಸಿಬಿಎಸ್‌ಇ ಶಾಲೆಗಳಲ್ಲಿ ಇದು ಹೆಚ್ಚು. ಅಲ್ಲಿ ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪು ಇರುತ್ತದೆ. ಮಗುವಿನ ಪೆನ್ಸಿಲ್ ಕಳೆದದ್ದರಿಂದ ಹಿಡಿದು ಅರ್ಧ ಅಂಕ ಕಡಿಮೆಯಾದದ್ದರವರೆಗೆ ಎಲ್ಲವೂ ರಾತ್ರಿ ಹತ್ತರವರೆಗೂ ಅಲ್ಲಿ ಪ್ರಶ್ನೆಯಾಗುತ್ತದೆ, ಮೂವತ್ತು ನಲವತ್ತು ಮನೆಯವರ ಕಣ್ಣೆದುರು ಒಬ್ಬ ಶಿಕ್ಷಕಿ ಉತ್ತರ ಕೊಡಬೇಕಾಗುತ್ತದೆ. ಶುಲ್ಕ ಕಟ್ಟಿದವರು ತಮ್ಮನ್ನು ಗ್ರಾಹಕರೆಂದು ಭಾವಿಸಿಕೊಳ್ಳುತ್ತಾರೆ. ಆಡಳಿತ ಮಂಡಳಿಯೂ ಬಹಳ ಸಲ ಅವರನ್ನು ಹಾಗೆಯೇ ಕಾಣುತ್ತದೆ. ಶುಲ್ಕವನ್ನು ನಿಯಂತ್ರಿಸಲು ತಮಿಳುನಾಡಿನಲ್ಲಿ 2009ರ ಕಾಯಿದೆ ಇದೆ, ಆದರೆ ಶಿಕ್ಷಕಿಯ ಸಂಜೆಯನ್ನು ಕಾಯುವ ನಿಯಮ ಶಾಲೆಯ ಆಡಳಿತ ಬರೆದುಕೊಂಡರಷ್ಟೇ ಉಂಟು. ಪ್ರಾಥಮಿಕ ತರಗತಿಗಳ ಖಾಸಗಿ ಶಿಕ್ಷಕರಲ್ಲಿ ಬಹುಪಾಲು ಕಡಿಮೆ ಸಂಬಳದ ಹೆಣ್ಣುಮಕ್ಕಳು. ಅವರು ತಮ್ಮ ತಪ್ಪಿಲ್ಲದಾಗಲೂ ಕ್ಷಮೆ ಕೇಳುವುದನ್ನು ಬೇಗ ಕಲಿಯುತ್ತಾರೆ. ಭಾವದುಡಿಮೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಸರಕಾರಿ ಶಾಲೆಗಳೂ ಈ ಒತ್ತಡದಿಂದ ಹೊರಗಿಲ್ಲ. ಖಾಸಗಿ ಶಾಲೆಗಳ ಸೆಳೆತವನ್ನು ತಡೆಯಲು ತಮಿಳುನಾಡು ಸರಕಾರ 2012ರಿಂದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ಅರವತ್ತು ಮಕ್ಕಳವರೆಗೆ ಇಬ್ಬರು. ಪಂಚಾಯಿತಿ ಒಕ್ಕೂಟದ ಅನೇಕ ಶಾಲೆಗಳು ಹೀಗೆ ಇಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನಡೆಸುವ ಶಾಲೆಗಳು. ಮಕ್ಕಳ ಸಂಖ್ಯೆ ಇಳಿದರೆ ಹುದ್ದೆ ಹೆಚ್ಚುವರಿಯೆಂದು ಎಣಿಕೆಯಾಗಿ ಶಿಕ್ಷಕರಿಗೆ ವರ್ಗವಾಗಬಹುದು. ಆದ್ದರಿಂದ ಪ್ರತಿ ಬೇಸಿಗೆಯಲ್ಲಿ ಶಿಕ್ಷಕರು ಕರಪತ್ರ ಹಿಡಿದು ಮನೆಮನೆಗೆ ಹೋಗಿ, ಮಗುವನ್ನು ನಮ್ಮ ಶಾಲೆಗೆ ಸೇರಿಸಿ ಎಂದು ಕೇಳುತ್ತಾರೆ. ಮೇ ತಿಂಗಳಲ್ಲಿ ಹೀಗೆ ಬೇಡಿ ತಂದ ಮಗುವಿನ ಹಾಜರಿ ಆಗಸ್ಟಿನಲ್ಲಿ ಕುಸಿದಾಗ ಆ ಮಗುವಿನ ತಂದೆಗೆ ನೇರವಾಗಿ ಬುದ್ಧಿ ಹೇಳಲು ನಾಲಗೆ ಏಳುವುದಿಲ್ಲ. ಬೇಸರಗೊಂಡು ಮಗುವನ್ನು ಬಿಡಿಸಿಕೊಂಡು ಹೋದರೆ ಎಂಬ ಅಳುಕು. ವೃತ್ತಿಯ ಮಾತನ್ನು ಆಡಲಾಗದೆ ನುಂಗಿಕೊಳ್ಳುವುದು ಬಹಳ ಬಳಲಿಸುತ್ತದೆ, ಮತ್ತು ಈ ಬಳಲಿಕೆ ಯಾವ ದಾಖಲೆಯಲ್ಲೂ ಬರುವುದಿಲ್ಲ. ಶಿಕ್ಷಕರು ಪೋಷಕರ ಬಾಗಿಲಿಗೆ ಹೋಗುವ ಇತರ ಸಂದರ್ಭಗಳೂ ಉಂಟು. ಕಾಯಿದೆಯ 27ನೆಯ ವಿಧಿ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ಶಿಕ್ಷಕರನ್ನು ಬಳಸಲು ಅವಕಾಶ ಕೊಟ್ಟಿದೆ. ಹೀಗಾಗಿ ಅವರು ಎಣಿಕೆಯ ನಮೂನೆಗಳನ್ನೂ ಮತದಾರರ ಪಟ್ಟಿಯನ್ನೂ ಹಿಡಿದು ಅದೇ ಓಣಿಗಳಲ್ಲಿ ತಿರುಗುತ್ತಾರೆ. ಆ ಭೇಟಿಗಳಲ್ಲಿ ಮಗುವಿನ ಓದಿನ ಮಾತಿಗೆ ಬಿಡುವಿಲ್ಲ.

ಕೊಯಮತ್ತೂರು ಜಿಲ್ಲೆಯದೇ ಆದ ವಾಲ್ಪಾರೈ ಬೆಟ್ಟದ ಸ್ಥಿತಿ ಬೇರೆ. ಆಳಿಯಾರಿನಿಂದ ನಲವತ್ತು ತಿರುವುಗಳನ್ನು ಹತ್ತಿ ಹೋಗಬೇಕಾದ ಆ ಚಹಾ ತೋಟಗಳ ನಡುವೆ ಆನೆ ಚಿರತೆಗಳ ಭಯವಿದೆ. ಸಂಜೆಯ ಸಭೆ ಅಲ್ಲಿ ಸಾಧ್ಯವಿಲ್ಲ, ಶಾಲೆಯಿಂದ ಮಗು ಸುರಕ್ಷಿತವಾಗಿ ಮನೆ ಸೇರುವುದೇ ಪೋಷಕರ ಮೊದಲ ಪ್ರಶ್ನೆ.

ಪೋಷಕರ ಅಭಾವ, ಪೋಷಕರ ಒತ್ತಡ ಎಂಬ ಎರಡು ಬಗೆಯ ದಣಿವುಗಳನ್ನು ಇದುವರೆಗೆ ನೋಡಿದ್ದಾಯಿತು. ಎರಡಕ್ಕೂ ಸಮಾನವಾದ ಒಂದು ಸಂಗತಿ ಇದೆ: ಎರಡೂ ಕಡೆ ಸಂಬಂಧವನ್ನು ಹೊರುವವರು ಒಬ್ಬರೇ ಶಿಕ್ಷಕರು. ಹಿಂದೆ ಹೀಗಿರಲಿಲ್ಲವೇ ಎಂದು ಕೇಳುಗರು ಕೇಳಬಹುದು. ಹಿಂದೆ ತಮಿಳುನಾಡಿನ ತಂದೆಯೊಬ್ಬ ಮಗನನ್ನು ಶಾಲೆಗೆ ಬಿಡುವಾಗ, ಕಣ್ಣೆರಡನ್ನು ಬಿಟ್ಟು ಉಳಿದ ಚರ್ಮ ಸುಲಿದರೂ ಚಿಂತೆಯಿಲ್ಲ ಎಂದು ಶಿಕ್ಷಕರಿಗೆ ಹೇಳುವ ರೂಢಿಯಿತ್ತು. ಅಲ್ಲಿ ನಂಬಿಕೆಯಿತ್ತು, ಆದರೆ ಅದರ ಬೆಲೆಯನ್ನು ತೆತ್ತದ್ದು ಮಗು. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು ಅತ್ಯಂತ ನ್ಯಾಯವಾದ ಕೆಲಸ. ಹಳೆಯ ಒಪ್ಪಂದ ಹೋದ ಜಾಗದಲ್ಲಿ ಹೊಸ ಒಪ್ಪಂದವೊಂದು ಬರಬೇಕಿತ್ತು. ಕಾಯಿದೆ ಅದಕ್ಕೂ ಅವಕಾಶ ಮಾಡಿದೆ: ಪೋಷಕರೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ, ಪ್ರಗತಿಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 24ನೆಯ ವಿಧಿ ಹೇಳುತ್ತದೆ. ಕರ್ತವ್ಯವನ್ನು ಹೇಳಿದ ವಿಧಿ ಅದಕ್ಕೆ ಬೇಕಾದ ಹೊತ್ತನ್ನು ಎಲ್ಲಿಂದ ತರಬೇಕೆಂದು ಹೇಳುವುದಿಲ್ಲ.

ಈ ಭಾರವನ್ನು ಊರೇ ಹೊತ್ತುಕೊಂಡ ಉದಾಹರಣೆ ತಮಿಳುನಾಡಿನ ಇತಿಹಾಸದಲ್ಲಿಯೇ ಇದೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದ 1950ರ ದಶಕದ ಕೊನೆಯಲ್ಲಿ, ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರ ಮುಂದಾಳುತನದಲ್ಲಿ ಶಾಲಾ ಸುಧಾರಣಾ ಸಮ್ಮೇಳನಗಳು ನಡೆದವು. ಊರಿನವರು ತಮ್ಮ ಶಾಲೆಗೆ ಏನು ಬೇಕೆಂದು ಪಟ್ಟಿ ಮಾಡಿ, ಕಟ್ಟಡ, ಪೀಠೋಪಕರಣ, ಸಮವಸ್ತ್ರ, ಊಟದ ಪಾತ್ರೆಗಳವರೆಗೆ ತಾವೇ ಒದಗಿಸಿದರು. ಈಚಿನ ವರ್ಷಗಳಲ್ಲಿ ಕಲ್ವಿ ಚೀರ್ ಎಂಬ ಹೊಸ ಆಚರಣೆ ಎರಡೂ ಜಿಲ್ಲೆಗಳಲ್ಲಿ ಹರಡಿದೆ. ಮದುವೆಯ ಸಂದರ್ಭದಲ್ಲಿ ತವರಿನವರು ತಟ್ಟೆಗಳಲ್ಲಿ ಉಡುಗೊರೆ ಹೊತ್ತು ಬರುವಂತೆ, ಊರಿನ ಜನ ಮೇಳದ ಸಮೇತ ಮೆರವಣಿಗೆಯಲ್ಲಿ ಬೀರು, ಕುರ್ಚಿ, ಫ್ಯಾನು, ಪುಸ್ತಕ, ಕುಡಿಯುವ ನೀರಿನ ಪಾತ್ರೆಗಳನ್ನು ಶಾಲೆಗೆ ತಂದೊಪ್ಪಿಸುತ್ತಾರೆ. ಆ ದಿನ ಶಿಕ್ಷಕರಿಗೆ ಊರು ತಮ್ಮ ಜೊತೆಗಿದೆ ಎಂಬ ಬಲ ಬರುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅದಕ್ಕೊಂದು ಮಿತಿಯಿದೆ. ಉಡುಗೊರೆ ತರುವವರು ಹೆಚ್ಚಾಗಿ ಊರಿನಲ್ಲಿ ನೆಲೆಯೂರಿದವರು, ಹಳೆಯ ವಿದ್ಯಾರ್ಥಿಗಳು, ಅಂಗಡಿಯವರು, ಕಂಪನಿಯ ಮಾಲೀಕರು. ನಿನ್ನೆ ಮೊನ್ನೆ ಬಂದು ಸಾಲುಮನೆಯಲ್ಲಿ ಇಳಿದ ಕುಟುಂಬ ಆ ಮೆರವಣಿಗೆಯಲ್ಲಿ ಇರುವುದು ಅಪರೂಪ, ಮತ್ತು ಶಿಕ್ಷಕರು ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಮಾತಾಡಬೇಕಾದದ್ದು ಆ ಕುಟುಂಬದೊಡನೆಯೇ.

ಊರಿನ ಬೆಂಬಲ ಒಂದು, ಪೋಷಕರೊಡನೆ ದಿನನಿತ್ಯದ ಒಡನಾಟ ಇನ್ನೊಂದು ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯದಕ್ಕಾಗಿಯೇ ಶಾಲಾ ನಿರ್ವಹಣಾ ಸಮಿತಿ ಇದೆ. ಕರ್ನಾಟಕದ ಕೇಳುಗರಿಗೆ ಎಸ್‌ಡಿಎಂಸಿ ಎಂಬ ಹೆಸರಿನಲ್ಲಿ 2001ರಿಂದಲೇ ಪರಿಚಯವಿರುವ ವ್ಯವಸ್ಥೆಯ ಹತ್ತಿರದ ನೆಂಟ ಅದು. ಶಿಕ್ಷಣ ಹಕ್ಕು ಕಾಯಿದೆಯ 21ನೆಯ ವಿಧಿಯ ಪ್ರಕಾರ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಾಗಿರಬೇಕು. ತಮಿಳುನಾಡು 2022ರಲ್ಲಿ ಈ ಸಮಿತಿಗಳನ್ನು ರಾಜ್ಯದಾದ್ಯಂತ ಹೊಸದಾಗಿ ರಚಿಸಿತು. ಆಗ ಇಪ್ಪತ್ತು ಸದಸ್ಯರ ಸಮಿತಿಗೆ ತಾಯಿಯೊಬ್ಬಳು ಅಧ್ಯಕ್ಷೆಯಾಗಿದ್ದಳು. ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳನ್ನು ಹತ್ತು ವರ್ಷ ಅಭ್ಯಾಸ ಮಾಡಿದ ಆಂಟನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶಿಕ್ಷಕರು, ಪೋಷಕರು, ಮುಖ್ಯೋಪಾಧ್ಯಾಯರ ನಡುವೆ ಪರಸ್ಪರ ನಂಬಿಕೆ ಬೆಳೆದ ಶಾಲೆಗಳೇ ಕಲಿಕೆಯಲ್ಲಿ ಸುಧಾರಿಸಿದವು ಎಂದು ತೋರಿಸಿದರು. ಆ ನಂಬಿಕೆ ದಿನದಿನದ ಸಣ್ಣ ಒಡನಾಟಗಳಿಂದ ಕಟ್ಟಲ್ಪಡುತ್ತದೆ ಎಂಬುದು ಅವರ ಮುಖ್ಯ ಮಾತು. ಸಮಿತಿಯ ಸಭೆ ಅಂಥ ಒಡನಾಟದ ಜಾಗವಾಗಬಹುದಿತ್ತು. ಆದರೆ ಸಭೆ ನಡೆಯುವುದು ಸಾಮಾನ್ಯವಾಗಿ ವಾರದ ದಿನದ ಮಧ್ಯಾಹ್ನ. ಬನಿಯನ್ ಕಂಪನಿಯಲ್ಲಿ ತಪಾಸಣೆಯ ಕೆಲಸ ಮಾಡುವ ತಾಯಿ ಸದಸ್ಯೆಯಾದರೆ ತಿಂಗಳಿಗೊಮ್ಮೆ ಕೂಲಿ ಕಳೆದುಕೊಳ್ಳಬೇಕು. ಹೀಗಾಗಿ ಹಗಲು ಬಿಡುವಿರುವವರು ಬರುತ್ತಾರೆ, ಯಾರ ಮಕ್ಕಳಿಗೆ ಮಾತು ಹೆಚ್ಚು ಬೇಕೋ ಅವರು ಬರುವುದಿಲ್ಲ.

ಸಂಬಂಧಕ್ಕೆಂದು ಹುಟ್ಟದ ಎರಡು ಯೋಜನೆಗಳು ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕೋವಿಡ್ ಕಾಲದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ತಮಿಳುನಾಡಿನ ಪ್ರಾಥಮಿಕ ತರಗತಿಗಳು 2021ರ ನವೆಂಬರ್‌ವರೆಗೆ ತೆರೆಯಲಿಲ್ಲ. ಕಲಿಕೆಯ ನಷ್ಟವನ್ನು ತುಂಬಲು ಆಗ ಇಲ್ಲಂ ತೇಡಿ ಕಲ್ವಿ, ಎಂದರೆ ಮನೆ ಹುಡುಕಿಕೊಂಡು ಬರುವ ಶಿಕ್ಷಣ, ಎಂಬ ಯೋಜನೆ ಬಂತು. ರಾಜ್ಯದಲ್ಲಿ ಸುಮಾರು 2 ಲಕ್ಷ ಸ್ವಯಂಸೇವಕರು, ಬಹುಮಟ್ಟಿಗೆ ಅದೇ ಓಣಿಯ ಹೆಣ್ಣುಮಕ್ಕಳು, ಸಂಜೆಯ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಓದಿಸಿದರು. ಇನ್ನೊಂದು ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆ. 2022ರ ಸೆಪ್ಟೆಂಬರಿನಲ್ಲಿ ಮದುರೈಯಲ್ಲಿ ಶುರುವಾಗಿ 2023ರ ಆಗಸ್ಟಿನಲ್ಲಿ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿತು. ಹಳ್ಳಿಗಳಲ್ಲಿ ಅಡುಗೆಗೆ ಆರಿಸುವ ಸ್ವಸಹಾಯ ಸಂಘದ ಹೆಣ್ಣುಮಗಳ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕೆಂಬುದು ಅದರ ನಿಯಮಗಳಲ್ಲೊಂದು. ಇದರಿಂದ ಪ್ರತಿ ಬೆಳಿಗ್ಗೆ ಒಬ್ಬ ತಾಯಿ ಶಾಲೆಯಲ್ಲಿ ಇರುವಂತಾಯಿತು. ಯಾವ ಮನೆಯಲ್ಲಿ ಕಾಯಿಲೆಯಿದೆ, ಯಾವ ಕುಟುಂಬ ಊರು ಬಿಡಲಿದೆ, ಯಾವ ಮಗು ರಾತ್ರಿ ಒಂಟಿಯಾಗಿರುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಸಂಜೆ ಕಲಿಸಿದ ಹುಡುಗಿಗೂ ಇದು ಗೊತ್ತು. ಸಿರುಮುಗೈಯ ನೇಕಾರರ ಓಣಿಯಲ್ಲಿ ಅಜ್ಜಿಯೂ ಚಿಕ್ಕಪ್ಪನೂ ಮಾಡುವ ನಡುವಿನವರ ಕೆಲಸವನ್ನು ಇವರು ಮಾಡಬಲ್ಲರು. ಸರಕಾರ ಇವರನ್ನು ಅಡುಗೆಗೂ ಅಕ್ಷರಕ್ಕೂ ನೇಮಿಸಿದೆ. ಮನೆ ಮತ್ತು ಶಾಲೆಯ ನಡುವಿನ ಮಾತಿಗೂ ಇವರನ್ನು ಗುರುತಿಸಿ, ಅದಕ್ಕೆಂದು ಸಂಭಾವನೆ ಕೊಟ್ಟರೆ ಶಿಕ್ಷಕರ ರಾತ್ರಿಯ ಫೋನುಗಳಲ್ಲಿ ಬಹಳಷ್ಟು ಕಡಿಮೆಯಾಗುತ್ತವೆ. ಒಡಿಯಾ, ಹಿಂದಿ ಬಲ್ಲ ವಲಸೆ ಕುಟುಂಬದ ತಾಯಂದಿರನ್ನೂ ಇದಕ್ಕೆ ಸೇರಿಸಿಕೊಂಡರೆ ಎಂಟು ವರ್ಷದ ಹುಡುಗಿ ದುಭಾಷಿಯಾಗಬೇಕಾಗಿಲ್ಲ.

ನಡುವಿನವರು ಬೇಕು ಎಂಬುದು ಒಂದು ಮಾತಾಯಿತು. ಹೊತ್ತು ಬೇಕು ಎಂಬುದು ಉಳಿದ ಮಾತು, ಮತ್ತು ಹೊತ್ತು ಇರುವುದು ಕಾರ್ಖಾನೆಯ ಕೈಯಲ್ಲಿ. 1948ರ ಕಾರ್ಖಾನೆ ಕಾಯಿದೆ ನಿಗದಿತ ಸಂಖ್ಯೆಗಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನೆಯ ಕೊಠಡಿ ಇರಬೇಕೆಂದು ವಿಧಿಸಿತು. ತಾಯಿಯನ್ನು ದುಡಿಸಿಕೊಳ್ಳುವವರಿಗೆ ಮಗುವಿನ ವಿಷಯದಲ್ಲಿ ಒಂದು ಹೊಣೆಯಿದೆ ಎಂಬ ತತ್ತ್ವವನ್ನು ಕಾನೂನು ಹೀಗೆ ಮುಕ್ಕಾಲು ಶತಮಾನದ ಹಿಂದೆಯೇ ಒಪ್ಪಿದೆ. ಮಗುವಿಗೆ ಆರು ತುಂಬಿ ಅದು ಶಾಲೆಗೆ ಹೊರಟ ದಿನ ಆ ಹೊಣೆ ತೀರಿಹೋಗುತ್ತದೆಂದು ಭಾವಿಸಲು ಯಾವ ಸಕಾರಣವೂ ಇಲ್ಲ. ತಿರುಪ್ಪೂರಿನ ರಫ್ತುದಾರರು ವಿದೇಶಿ ಖರೀದಿದಾರರ ನಿಯಮಗಳಿಗೆ ತಕ್ಕಂತೆ ಕೆಲಸದ ಅವಧಿ, ಬಾಲಕಾರ್ಮಿಕ ನಿಷೇಧ, ಬೆಂಕಿಯ ಸುರಕ್ಷತೆಗಳ ತಪಾಸಣೆಯನ್ನು ವರ್ಷವರ್ಷವೂ ಎದುರಿಸುತ್ತಾರೆ. ಅದೇ ಪಟ್ಟಿಯಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳಿರುವ ಕೆಲಸಗಾರರಿಗೆ ತಿಂಗಳಿಗೆ ಎರಡು ಗಂಟೆ ಕೂಲಿ ಕಡಿತವಿಲ್ಲದ ಶಾಲಾ ಭೇಟಿ ಎಂಬ ಒಂದು ಸಾಲನ್ನು ಸೇರಿಸಬಹುದು. ತುಂಡಿನ ಲೆಕ್ಕದ ದರ್ಜಿಗೆ ಹಿಂದಿನ ವಾರದ ಸರಾಸರಿಯ ಮೇಲೆ ಆ ಎರಡು ಗಂಟೆಯ ಕೂಲಿ ಕಟ್ಟುವುದು ಕಂಪನಿಯ ಲೆಕ್ಕದವರಿಗೆ ಕಷ್ಟದ ಕೆಲಸವಲ್ಲ. ಶಾಲೆಯ ಕಡೆಯಿಂದ, ತಿಂಗಳಿಗೆ ಒಂದು ಭಾನುವಾರದ ಬೆಳಿಗ್ಗೆ ಸಭೆಯಿಟ್ಟು ಅದಕ್ಕೆ ಬದಲಾಗಿ ಶಿಕ್ಷಕರಿಗೆ ವಾರದ ದಿನ ಪರಿಹಾರ ರಜೆ ಕೊಡಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆ ದಿನಕ್ಕೆ ಬದಲಿ ಶಿಕ್ಷಕರನ್ನು ವಲಯ ಸಂಪನ್ಮೂಲ ಕೇಂದ್ರದಿಂದ ಕಳಿಸಬೇಕು, ಇಲ್ಲದಿದ್ದರೆ ಒಬ್ಬರ ರಜೆ ಇನ್ನೊಬ್ಬರ ದಣಿವಾಗುತ್ತದೆ. ಖಾಸಗಿ ಶಾಲೆಗಳು ವಾಟ್ಸ್‌ಆ್ಯಪ್ ಗುಂಪನ್ನು ಸಂಜೆ ಆರಕ್ಕೆ ಮುಚ್ಚುವ ನಿಯಮವನ್ನು ಶಿಕ್ಷಕಿಯ ಬಾಯಿಂದ ಹೇಳಿಸದೆ ಆಡಳಿತದ ಸಹಿಯಿಂದ ಹೊರಡಿಸಬೇಕು. ಈ ಗಂಟೆಗಳ ವೆಚ್ಚವನ್ನು ಇಂದು ಭರಿಸುತ್ತಿರುವವರು ಕೂಲಿ ಬಿಡುವ ತಾಯಂದಿರು ಮತ್ತು ನಿದ್ದೆ ಬಿಡುವ ಶಿಕ್ಷಕಿಯರು. ಅದರಲ್ಲಿ ಕಂಪನಿಯ ಪಾಲೆಷ್ಟು, ಇಲಾಖೆಯ ಪಾಲೆಷ್ಟು ಎಂಬುದನ್ನು ಜಿಲ್ಲಾಧಿಕಾರಿಗಳ ಎದುರು ಎರಡೂ ಕಡೆಯವರು ಕೂತು ತೀರ್ಮಾನಿಸುವುದಕ್ಕೆ ಹೊಸ ಕಾಯಿದೆಯೇನೂ ಬೇಕಾಗಿಲ್ಲ.